ಬಚ್ಚಲುಮನೆಯ ಅಭಿಪ್ರಾಯ

ನಮ್ಮ ಯಜಮಾನರಿಗೆ ಯಾವ ವಿಷಯದಲ್ಲೇ ಆಗಲಿ ಎರಡು ಅಭಿಪ್ರಾಯಗಳಿರುತ್ತಿದ್ದವು. ಒಂದು ಅರಳಿಕಟ್ಟೆಯದು, ಇನ್ನೊಂದು ಬಚ್ಚಲುಮನೆಯದು. ಅರಳಿಕಟ್ಟೆಯದನ್ನು ಊರಿಗೆ ಊರೇ ಕೇಳುತ್ತಿತ್ತು. ಬಚ್ಚಲುಮನೆಯದು ನನಗೊಬ್ಬಳಿಗೇ ಮೀಸಲು ಎಂದು ಅವರು ತಿಳಿದಿದ್ದರು. ಅವರು ನಮ್ಮ ಪಾಳ್ಯದ ಪಂಚಾಯಿತಿಗೆ ಚೇರ್ಮನ್ನರು. ಹೆಸರು ಕೇಳಬೇಡಿ, ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ; ಕಥೆಯ ನಡುವೆ ಯಾರಾದರೂ ಕೂಗುತ್ತಾರೆ, ಆಗ ಕೇಳಿಸಿಕೊಳ್ಳಿ. ನಾನು ಹನುಮಕ್ಕ, ಕೆಂಗೇರಿ ಕಡೆಯಿಂದ ಈ ಊರಿಗೆ ಬಂದ ಸೊಸೆ.

ಅರಳಿಕಟ್ಟೆಯ ಮೇಲೆ ಅವರ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಯಾರಾದರೂ ಬದುವಿನ ಜಗಳ ತಂದರೆ, "ನಿನ್ನ ಮಾತ್ನಲ್ಲೂ ನ್ಯಾಯ ಐತೆ, ಅವನ ಮಾತ್ನಲ್ಲೂ ನ್ಯಾಯ ಐತೆ, ನೋಡೋಣ" ಎನ್ನುತ್ತಿದ್ದರು. ಆ 'ನೋಡೋಣ' ಒಂದರಿಂದಲೇ ಅವರು ಚೇರ್ಮನ್ನರಾದದ್ದು. ಆದರೆ ಶನಿವಾರ ಬಂತೆಂದರೆ ಬೇರೆಯೇ ಮನುಷ್ಯ. ನೆತ್ತಿಗೆ ಹರಳೆಣ್ಣೆ ಬಿದ್ದು ನನ್ನ ಅಂಗೈ ಪಟಪಟ ತಟ್ಟತೊಡಗಿತೆಂದರೆ ಸಾಕು, ವಾರವೆಲ್ಲ ನುಂಗಿಕೊಂಡಿದ್ದ ಸತ್ಯ ಬೆವರಿನ ಜೊತೆಗೇ ಹೊರಗೆ ಬರುತ್ತಿತ್ತು.

ನಮ್ಮ ಬಚ್ಚಲುಮನೆಯಲ್ಲಿ ಹಂಡೆ ಒಳಗೆ, ಒಲೆಯ ಬಾಯಿ ಮಾತ್ರ ಹೊರಗೆ, ಹಿತ್ತಲಿಗೆ. ಯಾಕೆಂದರೆ ಉರಿ ಹಾಕುವವನು ಊರಾಚೆಯ ಕೇರಿಯವನು. ಅವನು ಮನೆಯೊಳಗೆ ಕಾಲಿಡುವಂತಿಲ್ಲ, ಅವನು ಕಾಯಿಸಿದ ನೀರು ಮಾತ್ರ ನಮ್ಮ ಮೈಮೇಲೆ ಬೀಳಬಹುದು. ಈ ಮಡಿಯನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಸಿಕ್ಕಿದ್ದರೆ ಒಂದು ಮಾತು ಕೇಳುತ್ತಿದ್ದೆ.

ಉರಿ ಹಾಕುವವನ ಹೆಸರು ಮರಿಯಪ್ಪ. ನಮ್ಮ ಮನೆಯ ಜೀತದಾಳು. ಅವನ ಅಪ್ಪ ಯಾವ ಕಾಲದಲ್ಲೋ ಮದುವೆಗೆಂದು ನಮ್ಮ ಮಾವನವರ ಹತ್ತಿರ ಸಾಲ ತಂದಿದ್ದನಂತೆ. ಅಪ್ಪ ಸತ್ತ, ಮಾವನವರೂ ಹೋದರು, ಸಾಲ ಮಾತ್ರ ಚಿರಂಜೀವಿ. ಕೋಳಿ ಕೂಗುವುದಕ್ಕೆ ಮುಂಚೆ ಬಂದು ಕೊಟ್ಟಿಗೆ ಬಳಿದು, ಗೊಬ್ಬರ ಹೊತ್ತು, ಉತ್ತು, ಕೊಯ್ದು, ಶನಿವಾರ ಹಂಡೆಗೂ ಉರಿ ಹಾಕಬೇಕು. ಕೂಲಿ ಇಲ್ಲ. ಮುದ್ದೆ ಉಂಟು, ವರ್ಷಕ್ಕೊಂದು ಕಂಬಳಿ ಉಂಟು. ಅವನ ಹೆಂಡತಿ ಬೋರಮ್ಮನದೂ ಅದೇ ಪಾಡು, ಕಂಬಳಿ ಒಂದು ಬಿಟ್ಟು.

ಒಲೆಯ ಬಾಯಲ್ಲಿ ಕೂತವನಿಗೆ ಒಳಗಿನ ಮಾತು ಒಂದೂ ಬಿಡದೆ ಕೇಳಿಸುತ್ತದೆ. ನನಗೆ ಇದು ಗೊತ್ತಿತ್ತು. ಮರಿಯಪ್ಪ ಜ್ವರದಲ್ಲಿ ಮಲಗಿದಾಗ ನಾನೇ ಅಲ್ಲಿ ಕೂತು ಊದಿದ್ದೇನೆ. ಯಜಮಾನರು ಎಂದೂ ಆ ಕಡೆ ಕೂತವರಲ್ಲ. ಅವನು ಅಲ್ಲಿದ್ದಾನೆಂದು ಅವರಿಗೆ ತಿಳಿಯದೆಂದಲ್ಲ. ಒಲೆ ಇದೆ, ಸೌದೆ ಇದೆ, ಮರಿಯಪ್ಪ ಇದ್ದಾನೆ, ಅಷ್ಟೇ. ಸೌದೆಗೆ ಕಿವಿ ಇರುತ್ತದೆಂದು ಯಾರು ಯೋಚಿಸುತ್ತಾರೆ?

ಹಾಗಾಗಿ ನೆತ್ತಿಗೆ ಎಣ್ಣೆ ಬಿದ್ದ ಕೂಡಲೇ ಅವರ ಭಾಷಣ ಶುರುವಾಗುತ್ತಿತ್ತು.

"ಮನುಷ್ಯನ್ನ ಮನುಷ್ಯ ಕಟ್ಟಾಕ್ಕೊಳ್ಳೋದು ಅಂದ್ರೆ ಏನೇ ಇದು? ಎತ್ತಿಗಾದ್ರೂ ಸಂಕ್ರಾಂತಿ ದಿನ ಕೊಂಬಿಗೆ ಬಣ್ಣ ಬಳೀತೀವಿ, ಬೆಲ್ಲ ತಿನ್ನಿಸ್ತೀವಿ. ಇವನಿಗೆ ಅದೂ ಇಲ್ಲ. ಜೀತ ಅನ್ನೋದು ಪಾಪ ಕಣೇ, ಪಾಪ!"

"ಹಂಗಾದ್ರೆ ಬಿಟ್ಬಿಡಿ ಅವನ್ನ" ಎನ್ನುತ್ತಿದ್ದೆ ನಾನು. ಸ್ವಲ್ಪ ಗಟ್ಟಿಯಾಗಿಯೇ, ಒಲೆಯ ಕಡೆಗೆ ಮುಖ ಮಾಡಿಯೇ ಎನ್ನುತ್ತಿದ್ದೆ.

"ಬಿಡೋದೇ ಕಣೇ. ಆದ್ರೆ ಈಗ್ಲೇ ಅಲ್ಲ. ರಾಗಿ ಕುಯ್ಲಾಗ್ಲಿ."

ಕುಯ್ಲಾಗುತ್ತಿತ್ತು. ಕಣ ಆಗಲಿ ಎನ್ನುತ್ತಿದ್ದರು. ಕಣವೂ ಆಗುತ್ತಿತ್ತು. ಸಂಕ್ರಾಂತಿ ಕಳೀಲಿ, ಯುಗಾದಿ ಬರಲಿ, ಎಲೆಕ್ಷನ್ ಮುಗೀಲಿ. ಅಷ್ಟರಲ್ಲಿ ಮತ್ತೆ ರಾಗಿ ತೆನೆಗಟ್ಟುತ್ತಿತ್ತು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಅಂತ ಹಿರಿಯರು ಸುಮ್ಮನೆ ಗಾದೆ ಕಟ್ಟಲಿಲ್ಲ. ಹೊರಗೆ ಮರಿಯಪ್ಪ ಊದುತ್ತಲೇ ಇದ್ದ.

ಹೀಗಿರುವಾಗ ಊರಿಗೆ ರಾಜಾಜಿನಗರ ಬಂತು. ನಾವು ಅಲ್ಲಿಗೆ ಹೋಗಲಿಲ್ಲ, ಅದೇ ನಮ್ಮ ಹೊಲದ ಮೇಲೆ ನಡೆದುಕೊಂಡು ಬಂತು. ಸರ್ಕಾರದವರು ಮೂಡಲ ಬೀದಿಯವರ ಜಮೀನನ್ನೆಲ್ಲ ಬಡಾವಣೆಗೆ ತೆಗೆದುಕೊಂಡರು, ಸರಪಳಿ ಹಿಡಿದು ಅಳೆದರು, ಊರಿಗೂ ಬಡಾವಣೆಗೂ ನಡುವೆ ಹೊಂಗೆಮರದ ಹತ್ತಿರ ಒಂದು ಸರ್ವೆ ಕಲ್ಲು ನೆಟ್ಟರು. ಪಡುವಲ ಬೀದಿಯವರ ಹೊಲಗಳು ಊರಿನ ಪಡುವಲಕ್ಕಿದ್ದವು, ಉಳಿದುಕೊಂಡವು. ನಮ್ಮದು ಅರ್ಧ ಹೋಯಿತು, ಅರ್ಧ ಉಳಿಯಿತು. ಅದಕ್ಕೇ ನಮ್ಮವರು ಎರಡೂ ಬೀದಿಗೆ ಬೇಕಾದವರು.

ಮೂಡಲ ಬೀದಿಯ ಮುಖಂಡ ಬೈರಪ್ಪ. ಹೊಲ ಹೋಯಿತು, ಮನೆ ತುಂಬ ಜೀತದಾಳುಗಳು ಉಳಿದರು. ಅವನು ಜಾಣ. ಆಳುಗಳನ್ನೆಲ್ಲ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದವರ ಹತ್ತಿರ ಇಟ್ಟಿಗೆ ಹೊರಲು, ಗೋಡೆಗೆ ನೀರು ಹಾಕಲು ಕಳಿಸಿದ. ದುಡಿಯುವುದು ಅವರು, ಶನಿವಾರ ಬಟವಾಡೆ ತಗೊಳ್ಳುವುದು ಇವನು. ಪಡುವಲ ಬೀದಿಯ ಮುಖಂಡ ದೊಡ್ಡಹನುಮಯ್ಯನಿಗೆ ಇದರಿಂದ ಮೈ ಉರಿಯಿತು. ಅಯ್ಯೋ ಪಾಪ ಅಂತಲ್ಲ. ಅವನ ಸಂಕಟ ಬೇರೆ. ಅದನ್ನು ಅವನೇ ಕಟ್ಟೆಯ ಮೇಲೆ ಎದ್ದು ನಿಂತು ಹೇಳಿದ.

"ಅಲ್ಲಿಗೆ ಹೋದೋನು ಅಂಗಿ ಹಾಕ್ಕೊಂಡು ವಾಪಸ್ ಬರ್ತಾನೆ! ಇವನ್ನ ನೋಡಿ ನನ್ನ ಆಳುಗಳೂ ಅಂಗಿ ಕೇಳ್ತಾವೆ. ಅಂಗಿ ಹಾಕ್ಕೊಂಡೋನು ಬಗ್ಗಿ ಕಳೆ ಕೀಳ್ತಾನೇನ್ರಪ್ಪಾ? ಜೀತ ಊರೊಳಗೇ ಇರ್ಬೇಕು. ಬಡಾವಣೆಗೆ ಹೋಗ್ಬಾರ್ದು!"

"ನನ್ನ ಆಳು, ನನ್ನಿಷ್ಟ" ಎಂದ ಬೈರಪ್ಪ. "ಭೂಮಿ ಹೋಯ್ತು ಅಂತ ಆಳೂ ಹೋಗ್ಬೇಕಾ? ನಾಳೆ ಮಹಾರಾಜ್ರ ಅರಮನೇಗೂ ಕಳಿಸ್ತೀನಿ, ನೀನ್ಯಾವನೋ ಕೇಳೋಕೆ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂಡಲ ಬೀದಿಯವರು ಪಡುವಲ ಬೀದಿಗೆ ಹೆಣ್ಣು ಕೊಡುವುದನ್ನು ನಿಲ್ಲಿಸಿದರು. ಪಡುವಲ ಬೀದಿಯವರು ಮೂಡಲ ಬೀದಿಯ ಗಾಣದಲ್ಲಿ ಎಣ್ಣೆ ಕೊಳ್ಳುವುದನ್ನು ನಿಲ್ಲಿಸಿದರು. ಒಂದು ಗಣಪತಿಗೆ ಎರಡು ಚಪ್ಪರ ಬಿತ್ತು. ನನಗೆ ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಅಷ್ಟು ಕೂಗಾಟದಲ್ಲಿ ಜೀತ ಬೇಕೋ ಬೇಡವೋ ಎಂದು ಒಬ್ಬನೂ ಕೇಳಲಿಲ್ಲ. ಜೀತ ಎಲ್ಲಿಯವರೆಗೆ ಎನ್ನುವುದೊಂದೇ ಜಗಳ. ಯಾರ ಬೆನ್ನಿನ ಮೇಲೆ ಈ ಜಗಳವೋ ಅವರು ಕಟ್ಟೆಯಿಂದ ದೂರದಲ್ಲಿ, ಹುಣಸೆಮರದಡಿ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದರು.

ನಮ್ಮ ಚೇರ್ಮನ್ನರು ಸುಮಾರು ದಿನ 'ನೋಡೋಣ' ಎಂದು ತಳ್ಳಿದರು. ಕೊನೆಗೆ ತಳ್ಳಲಾಗದೆ, ಯುಗಾದಿ ಕಳೆದ ಮೇಲಿನ ಒಂದು ಶುಕ್ರವಾರ ಕಟ್ಟೆ ಹತ್ತಿ ತೀರ್ಪು ಕೊಟ್ಟರು. "ಸರ್ವೆ ಕಲ್ಲಿನಿಂದ ಈಚೆಗೆ ಹಳೇ ಪದ್ಧತಿ ಇದ್ದ ಹಾಗೇ ಇರ್ಲಿ. ಕಲ್ಲಿನಿಂದ ಆಚೆಗೆ ಜೀತ ಅನ್ನೋದೇ ಇಲ್ಲ." ದೊಡ್ಡಹನುಮಯ್ಯ ಗೆದ್ದೆನೆಂದು ಮೀಸೆ ತಿರುವಿದ. ಬೈರಪ್ಪ ಮುಖ ಊದಿಸಿದ. ಅವನಿಗೆ ಕೆರೆಯಂಗಳದ ಹುಣಸೆಮರಗಳ ಫಸಲನ್ನು ಬಿಟ್ಟುಕೊಟ್ಟರು, ಅವನೂ ಸುಮ್ಮನಾದ. ಊರೆಲ್ಲ ಚೇರ್ಮನ್ನರ ಬುದ್ಧಿಯನ್ನು ಹೊಗಳಿತು.

ಮರುದಿನ ಶನಿವಾರ. ಬಚ್ಚಲುಮನೆಯಲ್ಲಿ ಅವರಿಗೆ ಹಿಡಿಸಲಾರದಷ್ಟು ಹಿಗ್ಗು.

"ನೋಡ್ದೇನೇ? ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ."

"ಹಾವು ಸಾಯ್ಲಿಲ್ಲ ಅಂದ್ರೆ ಇನ್ನೂ ಮನೇಲೇ ಐತೆ ಅಂತ ತಾನೇ?" ಎಂದೆ.

"ಸೀಗೆಪುಡಿ ಕಣ್ಣಿಗೆ ಬಿತ್ತು, ನೀರು ಹಾಕು" ಎಂದರು. ಕಣ್ಣು ತೊಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಎಂದಿನ ಭಾಷಣಕ್ಕೆ ಇಳಿದರು. ಆ ದಿನ ಹಿಗ್ಗಿನಲ್ಲಿ ಒಂದು ಹೆಜ್ಜೆ ಮುಂದಕ್ಕೇ ಹೋದರು. "ನಂಗೇ ಆಶ್ಚರ್ಯ ಕಣೇ, ಈ ಜನ ಹೆಂಗೆ ತಡ್ಕೊಂಡಿದಾರೆ ಅಂತ. ಮರಿಯಪ್ಪನ ಜಾಗದಲ್ಲಿ ನಾನಿದ್ದಿದ್ರೆ, ಹೊತ್ತಿದ್ದ ಗೊಬ್ಬರದ ಮಂಕರೀನ ಆ ಸರ್ವೆ ಕಲ್ಲಿನ ಮೇಲಿಟ್ಟು, ಆಚೆ ಕಡೆ ಕಾಲಿಟ್ಬಿಡ್ತಿದ್ದೆ. ಯಾವ ನನ್ಮಗ ಮುಟ್ತಾನೋ ಮುಟ್ಲಿ, ನೋಡೇಬಿಡೋಣ!"

ಹೊರಗೆ ಊದುಗೊಳವೆಯ ಸದ್ದು ನಿಂತಿತು. ಯಜಮಾನರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಬೆನ್ನು ಉಜ್ಜುವ ಕೈಯನ್ನು ನಾನೂ ನಿಲ್ಲಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಹೊರಗಿನಿಂದ ಮತ್ತೆ ಊದುವ ಸದ್ದು ಬಂತು. ನೀರು ಅಂದು ಎಂದಿಗಿಂತ ಚೆನ್ನಾಗಿ ಕಾದಿತ್ತು.

ಭಾನುವಾರ ಬೆಳಿಗ್ಗೆ ಮರಿಯಪ್ಪ ನಮ್ಮ ತಿಪ್ಪೆಯಿಂದ ಮಂಕರಿ ತುಂಬಿಕೊಂಡು ಹೊರಟ. ಹೊಲದ ಕಡೆಗೆ ತಿರುಗಲಿಲ್ಲ, ನೆಟ್ಟಗೆ ಹೊಂಗೆಮರದ ಕಡೆಗೆ ನಡೆದ. ಹಿಂದೆ ಬೋರಮ್ಮ, ತಲೆಯ ಮೇಲೆ ಎರಡು ಮಡಕೆ, ಕಂಕುಳಲ್ಲಿ ಒಂದು ಹ್ಯಾಟೆ ಕೋಳಿ. ಸರ್ವೆ ಕಲ್ಲಿನ ಮೇಲೆ ಮಂಕರಿ ಇಳಿಸಿದ. ಇಬ್ಬರೂ ಕಲ್ಲು ದಾಟಿದರು. ದಾಟಿ, ಆಚೆ ಬದಿಯ ನೆರಳಿನಲ್ಲಿ ಮಡಕೆ ಇಟ್ಟು, ಕೋಳಿ ಬಿಟ್ಟು ಕೂತರು.

ಸುದ್ದಿ ಹರಡಲು ಎಷ್ಟು ಹೊತ್ತು? ಎರಡೂ ಬೀದಿಯವರು ಓಡಿಬಂದು ಕಲ್ಲಿನ ಈಚೆಗೆ ನಿಂತರು. ಒಬ್ಬನೂ ಆಚೆ ಕಾಲಿಡಲಿಲ್ಲ, ಚೇರ್ಮನ್ನರ ತೀರ್ಪಲ್ಲವೇ. ಕೋಳಿ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಆ ಕಡೆ ಈ ಕಡೆ ಓಡಾಡಿಕೊಂಡಿತ್ತು.

"ಚೇರ್ಮನ್ ಆಳೇ ಓಡೋದ!" ಎಂದು ಮೊದಲು ನಕ್ಕವನು ಬೈರಪ್ಪ. ನಗು ಅರ್ಧಕ್ಕೆ ನಿಂತಿತು, ಅವನಿಗೆ ತನ್ನ ಆಳುಗಳ ನೆನಪಾಗಿರಬೇಕು. ಅವರೂ ಅಲ್ಲೇ ದೂರದಲ್ಲಿ ನಿಂತು ಕಲ್ಲನ್ನೇ ನೋಡುತ್ತಿದ್ದರು.

"ಏಯ್ ಮರಿಯಾ! ನಡಿಯೋ ಈಚೆಗೆ!" ಎಂದು ದೊಡ್ಡಹನುಮಯ್ಯ ಗುಡುಗಿದ.

ಮರಿಯಪ್ಪ ಎದ್ದು ನಿಂತು ಕೈಮುಗಿದ. ಮಾತಾಡಿದ್ದು ಮಾತ್ರ ನಮ್ಮ ಯಜಮಾನರ ಮುಖ ನೋಡಿಕೊಂಡು. "ಬುದ್ಧೀ, ಕಲ್ಲಿಂದಾಚೆ ಜೀತ ಇಲ್ಲ ಅಂತ ತಾವೇ ಕಟ್ಟೆ ಮ್ಯಾಲೆ ಅಂದ್ರಿ. ಅದ್ಕೇ ಮಂಕರಿ ಕಲ್ಲಿನ ಮ್ಯಾಲಿಟ್ಟು ದಾಟ್ದೆ."

ಯಜಮಾನರು ಮಂಕರಿಯನ್ನು ನೋಡಿದರು, ಮರಿಯಪ್ಪನನ್ನು ನೋಡಿದರು, ಮತ್ತೆ ಮಂಕರಿಯನ್ನು ನೋಡಿದರು. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ತಲೆ ಕೆರೆದುಕೊಂಡರು.

"ನಾವು ಕಳಿಸ್ಬಾರ್ದು ಅಂತ ಕಣೋ ತೀರ್ಪು ಆಗಿದ್ದು! ನೀವು ಹೋಗ್ಬೌದು ಅಂತ ಯಾರ್ ಹೇಳಿದ್ರು?" ಎಂದು ಬೈರಪ್ಪ ಕೂಗಿದ.

"ಹಗ್ಗ ತನ್ರೋ!" ಎಂದ ದೊಡ್ಡಹನುಮಯ್ಯ. "ಇವತ್ತು ಇವನು, ನಾಳೆ ನನ್ನೋರು, ನಾಡಿದ್ದು ನಿನ್ನೋರು. ಹೆಡೆಮುರಿ ಕಟ್ಕೊಂಡು ಎಳ್ಕೊಂಡು ಬರೋಣ!"

"ತನ್ನಿ, ತನ್ನಿ" ಎಂದ ಬೈರಪ್ಪ. ವರ್ಷದಿಂದ ಮುಖ ನೋಡದ ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದುಕೊಂಡರು. ಕಲ್ಲನ್ನೇ ಕಿತ್ತು ಮರಿಯಪ್ಪನ ಆಚೆಗೆ ನೆಟ್ಟುಬಿಡೋಣ, ಆಗ ಅವನು ತಾನಾಗಿಯೇ ಈಚೆಗೆ ಬಂದಂತಾಯಿತು ಎಂದು ಉಪಾಯ ಹೇಳಿದವನೂ ಒಬ್ಬನಿದ್ದ. ಹಗ್ಗ ಒಂದು ಸಾರಿ ಬಿದ್ದರೆ ಮರಿಯಪ್ಪ ಬದುಕಿರುವವರೆಗೆ ನಮ್ಮ ಕೊಟ್ಟಿಗೆಯವನೇ.

ಅಷ್ಟರಲ್ಲಿ ಬಡಾವಣೆಯ ಕಡೆಯಿಂದ ಕೊಡೆ ಹಿಡಿದುಕೊಂಡು ಒಬ್ಬ ಹೆಂಗಸು ಬಂದರು. ಸತ್ಯವತಿಯವರು ಅಂತ, ಒಬ್ಬ ಮೇಷ್ಟರ ಹೆಂಡತಿ, ಹೊಸದಾಗಿ ಅಲ್ಲಿ ಮನೆ ಕಟ್ಟಿಸುತ್ತಿದ್ದವರು.

"ಏನು, ಎಲ್ಲಾರೂ ಕಲ್ಲಿನ ಸುತ್ತ ನಿಂತಿದೀರಿ? ಪೂಜೆನಾ?" ಎಂದರು. ಅವರು ಮರಿಯಪ್ಪನ ಕಡೆ ತಿರುಗಿದರು. "ನೋಡಪ್ಪ, ನಮ್ಮ ಮನೆ ಗೋಡೆಗೆ ನೀರು ಹಾಕೋರು ಯಾರೂ ಬಂದಿಲ್ಲ. ನೀನು ಬರ್ತೀಯಾ? ಕೂಲಿ ಯಾರ ಕೈಗೆ ಕೊಡ್ಬೇಕು?"

"ನನ್ ಕೈಗೇ ಕೊಡಿ ಅವ್ವಾ" ಎಂದ ಮರಿಯಪ್ಪ.

"ಚೇರ್ಮನ್ ಮುನಿವೆಂಕಟಪ್ಪಾ!" ದೊಡ್ಡಹನುಮಯ್ಯ ನಮ್ಮವರ ಎದುರಿಗೇ ಬಂದು ನಿಂತ. ಕೇಳಿಸಿಕೊಂಡಿರಲ್ಲ, ಅದೇ ಹೆಸರು. "ನಿನ್ನಾಳು, ನಿನ್ನ ತೀರ್ಪು. ಒಂದು ಮಾತು ಹೇಳು, ಎಳ್ಕೊಂಡು ಬರ್ತೀವಿ. ಜೀತದ ವಿಷ್ಯದಲ್ಲಿ ನಿನ್ನ ಅಭಿಪ್ರಾಯ ಏನು? ಎಲ್ರ ಮುಂದೆ ಹೇಳ್ಬಿಡು."

ಯಜಮಾನರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. "ಮರಿಯಪ್ಪನ ಮಾತ್ನಲ್ಲೂ..." ಎಂದು ಶುರುಮಾಡಿದರು. "ನಿಮ್ ಮಾತ್ನಲ್ಲೂ..." ಎಂದರು. ನಾಲಿಗೆಯ ತುದಿಗೆ 'ನೋಡೋಣ' ಬಂದು ಕೂತದ್ದು ನನಗೆ ಕಾಣುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಹೆಂಗಸರ ಗುಂಪಿನಿಂದ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಊರೆಲ್ಲ ಕೇಳುವ ಹಾಗೆ ಕೇಳಿದೆ.

"ಎಣ್ಣೆ ಬಟ್ಲು ತರ್ಲಾ?"

ಊರಿಗೆ ಅರ್ಥವಾಗಲಿಲ್ಲ. ಇವಳಿಗೇನು ಬಂತು ಕೇಡು ಎಂದು ಎಲ್ಲರೂ ನನ್ನನ್ನೇ ನೋಡಿದರು. ಅರ್ಥವಾಗಬೇಕಾದವರಿಗೆ ಆಯಿತು. ಅವರ ಕಿವಿ ಕೆಂಪಾಯಿತು. ಕಲ್ಲಿನಾಚೆ ಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ಭಯಕ್ಕೋ ತಿಳಿಯಲಿಲ್ಲ.

"ಜೀತ..." ಎಂದರು ಯಜಮಾನರು. ಟವಲನ್ನು ಹೆಗಲಿಗೆ ಹಾಕಿಕೊಂಡರು. "ಜೀತ ಪಾಪ ಕಣ್ರಪ್ಪಾ. ಎತ್ತಿಗಾದ್ರೂ ಸಂಕ್ರಾಂತಿ ದಿನ ಬಣ್ಣ ಬಳೀತೀವಿ." ಎಣ್ಣೆಯಿಲ್ಲದ ತಲೆಯಲ್ಲಿ, ಹಗಲಿನಲ್ಲಿ, ಅಂಗಿ ತೊಟ್ಟುಕೊಂಡು ಅವರು ಆ ಮಾತು ಆಡಿದ್ದು ಅದೇ ಮೊದಲು. "ಬೈರಪ್ಪಾ, ಹಗ್ಗ ಕೆಳಗಾಕು. ಅವನು ನನ್ನಾಳು. ನನ್ನಾಳನ್ನ ಕಟ್ಟೋಕೆ ನೀನ್ಯಾರು?"

"ಆಳು ಅನ್ಬ್ಯಾಡಿ ಬುದ್ಧೀ" ಎಂದಳು ಬೋರಮ್ಮ, ಆಚೆಯಿಂದ, ಮೆತ್ತಗೆ. "ಕಲ್ಲು ದಾಟಿದೀವಿ."

ಯಜಮಾನರು ಅವಳನ್ನು ನೋಡಿದರು. "ಹೌದು. ಆಳಾಗಿದ್ದ. ಈಗಲ್ಲ. ಸಾಲಾನೂ ಇಲ್ಲ, ಗೀಲಾನೂ ಇಲ್ಲ, ತೀರ್ತು" ಎಂದರು. ಎಂದು, ಕಲ್ಲಿನ ಮೇಲಿದ್ದ ಗೊಬ್ಬರದ ಮಂಕರಿಯನ್ನು ತಾವೇ ತಲೆಗೆತ್ತಿಕೊಂಡು ಹೊಲದ ಕಡೆ ನಡೆದರು. ಮಂಕರಿ ಹೊತ್ತು ಅಭ್ಯಾಸವಿರಲಿಲ್ಲ, ದಾರಿಯುದ್ದಕ್ಕೂ ಗೊಬ್ಬರ ಉದುರುತ್ತಿತ್ತು. ನನ್ನ ಗಂಡನ ಮೇಲೆ ಅಂದು ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಆಮೇಲೆ ಕಲ್ಲು ದಾಟಿದವರ ಸಾಲು ಹತ್ತಿತು. ಮುಂದಿನ ಎಲೆಕ್ಷನ್ನಿನಲ್ಲಿ ಮೂಡಲ ಬೀದಿ, ಪಡುವಲ ಬೀದಿ ಎರಡೂ ಒಂದಾಗಿ ಇವರನ್ನು ಸೋಲಿಸಿದವು. ಊರಿನ ಒಗ್ಗಟ್ಟಿಗೆ ಅವರು ಮಾಡಿದ ದೊಡ್ಡ ಉಪಕಾರ ಅದೇ. ಅದಿರಲಿ, ನಾನು ಹೇಳಬೇಕಾದದ್ದು ಮರಿಯಪ್ಪ ದಾಟಿದ ವಾರದ ಶನಿವಾರದ ಮಾತು.

ನೆತ್ತಿಗೆ ಎಣ್ಣೆ ಒತ್ತಿಯಾಗಿತ್ತು. ಹಂಡೆಯ ನೀರು ಕಲ್ಲಿನಂತೆ ತಣ್ಣಗಿತ್ತು. ಉರಿ ಹಾಕುವವರಿಲ್ಲ.

"ನಾನೇ ಹಾಕ್ತೀನಿ, ಅದೇನ್ ಮಹಾ" ಎಂದು ಯಜಮಾನರು ಟವಲು ಸುತ್ತಿಕೊಂಡು ಹಿತ್ತಲಿಗೆ ಹೋದರು. ಮೈಗೆಲ್ಲ ಎಣ್ಣೆ ಮೆತ್ತಿಕೊಂಡು, ಹೀರೋ ಥರ. ಊದಿದರು, ಕೆಮ್ಮಿದರು, ಮತ್ತೆ ಊದಿದರು. ನಾನು ಒಳಗೆ ಹಂಡೆಯ ಪಕ್ಕ ಕೂತಿದ್ದೆ. ಏನು ಅನ್ನಿಸಿತೋ, ಅವರ ದನಿಯಲ್ಲೇ, ಗಟ್ಟಿಯಾಗಿ ಕೂಡ ಅಲ್ಲ, ಎಂದಿನ ಹಾಗೆ ಹೇಳಿದೆ.

"ಬಿಡೋದೇ ಕಣೇ. ಆದ್ರೆ ಈಗ್ಲೇ ಅಲ್ಲ. ರಾಗಿ ಕುಯ್ಲಾಗ್ಲಿ."

ಊದುವ ಸದ್ದು ನಿಂತಿತು.

"ಇವ್ಳೇ," ಎಂದರು ಹೊರಗಿನಿಂದ. "ಇಲ್ಲಿಗೆ ಕೇಳ್ಸುತ್ತೆ."

"ಹ್ಞೂ."

"ಎಲ್ಲಾನೂ?"

"ಎಲ್ಲಾನೂ."

ಊದುಗೊಳವೆ ಕೆಳಗಿಟ್ಟ ಸದ್ದಾಯಿತು. "ಪಾಪ ಅಂತ ಅಂದಿದ್ದು ಕೇಳಿಸ್ಕೊಂಡಿದ್ರೆ ಇರ್ಲಿ" ಎಂದರು ಕೊನೆಗೆ. "ಕುಯ್ಲಾಗ್ಲಿ ಅಂದಿದ್ದೂ ಕೇಳಿಸ್ಕೊಂಡಿರ್ತಾನಲ್ಲೇ. ವರ್ಷಾ ವರ್ಷಾ. ನಂಗೆ ನೀರು ಕಾಯಿಸ್ತಾ."

ಆ ವರ್ಷಗಳಲ್ಲಿ ಆ ನೀರು ನನ್ನ ಮೈಮೇಲೂ ಬಿದ್ದಿತ್ತು.

ಒಲೆ ಆರಿಹೋಗಿತ್ತು. ಅವರು ಒಳಗೆ ಬಂದು ತಣ್ಣೀರನ್ನೇ ಹೊಯ್ದುಕೊಂಡರು. ತಣ್ಣೀರಿಗೆ ಹರಳೆಣ್ಣೆ ಬಿಡುವುದಿಲ್ಲ, ಎಷ್ಟು ಸೀಗೆಪುಡಿ ಹಾಕಿದರೂ. ಆ ವಾರವೆಲ್ಲ ಅವರು ಎಣ್ಣೆ ಇಳಿಯುವ ತಲೆಯಲ್ಲೇ ಓಡಾಡಿದರು.